ರಬ್ಬಿ ಇಲ್ಲದ ಮಂದಿರ, ರಬ್ಬಿ ಹೊರಡಿಸಿದ ಆಜ್ಞೆ

ಪ್ರಶ್ನೆ: ಮಸೀದಿ ಬಂದರ್ ಸ್ಟೇಷನ್ ಹತ್ತಿರ ಯೆಹೂದಿಗಳ ಹಳೆಯ ಪ್ರಾರ್ಥನಾ ಮಂದಿರವಿದೆ. ಅಲ್ಲಿ ಪ್ರಾರ್ಥನೆ ನಡೆಸುವವರನ್ನೇ ರಬ್ಬಿ ಎನ್ನುವುದೇ? (ಓದುಗರು, ಡೊಂಬಿವಲಿ)

ಉತ್ತರ: ಅಲ್ಲ. ರಬ್ಬಿ ಎಂದರೆ ಧರ್ಮಶಾಸ್ತ್ರ ಓದಿ ತೀರ್ಪು ಕೊಡುವವರು, ಅರ್ಚಕರಲ್ಲ. ನೀವು ಹೇಳುವ ಶಾರ್ ಹರಹಮೀಮ್ 1796ರದು. ಕಟ್ಟಿಸಿದ್ದು ಕೊಂಕಣದ ಯೆಹೂದಿಗಳಾದ ಬೆನೆ ಇಸ್ರೇಲ್ ಸಮುದಾಯದ ಸ್ಯಾಮ್ಯುಯೆಲ್ ದಿವೇಕರ್. (ಇವರು ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದವರೆಂದು ಸಮುದಾಯದಲ್ಲಿ ಪ್ರತೀತಿ. ನಮ್ಮ ಮೈಸೂರಿನ ನಂಟು ಇಲ್ಲೂ ಬಂತು ನೋಡಿ!) ಪ್ರಾರ್ಥನೆ ಹೇಳಿಸುವವರು ಹಜ್ಜಾನ್. ಹದಿಮೂರು ತುಂಬಿದ ಹತ್ತು ಗಂಡಸರು ಸೇರದಿದ್ದರೆ ಧರ್ಮಗ್ರಂಥವಾದ ತೋರಾದ ಸುರುಳಿ ತೆಗೆದು ಓದುವಂತಿಲ್ಲ, ತೀರಿಕೊಂಡವರಿಗಾಗಿ ಹೇಳುವ ಕದ್ದಿಷ್ ಕೂಡ ಇಲ್ಲ. ರಬ್ಬಿ ಇಲ್ಲದೆ ನಡೆದೀತು, ಹತ್ತನೆಯವನಿಲ್ಲದೆ ನಡೆಯದು.

ಪ್ರಶ್ನೆ: 1962ರಲ್ಲಿ ಯಿತ್ಸಾಕ್ ನಿಸ್ಸೀಮ್ ಎಂಬ ಧರ್ಮಗುರು ಬೆನೆ ಇಸ್ರೇಲ್ ಸಮುದಾಯದ ಮದುವೆಗಳಿಗೆ ಅಡ್ಡ ಬಂದರಂತೆ. ಯಾರವರು, ಏಕೆ? (ಓದುಗರು, ಮಾಟುಂಗಾ)

ಉತ್ತರ: ನಿಸ್ಸೀಮ್ ಬಾಗ್ದಾದಿನವರು. 1925ರಲ್ಲಿ ಜೆರುಸಲೇಮಿಗೆ ಬಂದು, 1955ರಲ್ಲಿ ಇಸ್ರೇಲಿನ ಸೆಫಾರ್ದಿ (ಸ್ಪೇನ್, ಪಶ್ಚಿಮ ಏಷ್ಯಾ ಕಡೆಯ ಯೆಹೂದಿ ಪರಂಪರೆ) ಮುಖ್ಯ ರಬ್ಬಿಯಾದರು. ಅಲ್ಲಿ ಯೆಹೂದಿಗಳ ಮದುವೆ, ವಿಚ್ಛೇದನ ಎರಡೂ ರಬ್ಬಿಗಳ ಸುಪರ್ದಿಯಲ್ಲಿವೆ. ಹಾಗಾಗಿ ಕೊಂಕಣ, ಮುಂಬಯಿಗಳಿಂದ ವಲಸೆ ಹೋದವರ ಮಕ್ಕಳ ಮದುವೆಯೂ ಅವರ ಮುಂದೆಯೇ ಬಂತು.

ತಕರಾರಿನ ಬುಡ 'ಗೆಟ್' ಎಂಬ ವಿಚ್ಛೇದನ ಪತ್ರ. ಅದು ಹೆಸರು ತುಂಬಿಸುವ ಅಚ್ಚಿನ ಫಾರಂ ಅಲ್ಲ. ಆಯಾ ಗಂಡಹೆಂಡಿರಿಗೆಂದೇ ಲಿಪಿಕಾರ ಕೈಯಲ್ಲಿ ಬರೆಯಬೇಕು, ರೂಢಿಯಂತೆ 12 ಸಾಲು. ಕೆಳಗೆ ಇಬ್ಬರು ಸಾಕ್ಷಿಗಳ ರುಜು. ಬಳಿಕ ಅದು ಹೆಂಡತಿಯ ಕೈ ಸೇರಬೇಕು. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಪತ್ರ ಬಿದ್ದುಹೋಗಬಹುದು. ಸರಿಯಾದ ಗೆಟ್ ಇಲ್ಲದೆ ಆಕೆ ಮರುಮದುವೆಯಾದರೆ, ಆ ಮಕ್ಕಳು 'ಮಮ್ಜೆರ್'. ಉಳಿದ ಯೆಹೂದಿಗಳೊಡನೆ ಅವರಿಗೆ ಮದುವೆ ನಿಷಿದ್ಧ, ಕಳಂಕ ತಲೆಮಾರುಗಳಿಗೂ ಇಳಿಯುತ್ತದೆ.

ಶತಮಾನಗಳ ಕಾಲ ರಬ್ಬಿಗಳೇ ಇಲ್ಲದೆ ಬಾಳಿದ ಸಮುದಾಯ ಗೆಟ್ ನಿಯಮ ಹೇಗೆ ಪಾಲಿಸಿದ್ದೀತು ಎಂಬುದೇ ಶಂಕೆ. ಇವರು ಯೆಹೂದಿಗಳೇ ಅಲ್ಲ ಎಂಬ ವಾದ ಅದಲ್ಲ. ಇಲ್ಲೇ ಅನೇಕರು ಎಡವುತ್ತಾರೆ. ನಿಸ್ಸೀಮ್ ಹೊರಡಿಸಿದ 1962ರ ಆಜ್ಞೆಯ ಪ್ರಕಾರ ಮದುವೆ ನೋಂದಣಿಗೆ ಮುನ್ನ ತಾಯಿ, ಅಜ್ಜಿ, ಅವರಿಗೂ ಹಿಂದಿನವರ ವಿಚಾರಣೆಯಾಗಬೇಕಿತ್ತು. ಅಲಿಬಾಗಿನ ಹಳ್ಳಿಯಲ್ಲಿದ್ದ ಮುತ್ತಜ್ಜಿಯ ಮದುವೆಗೆ ಕಾಗದ ಎಲ್ಲಿಂದ ತರುವುದು? ಶಾಸ್ತ್ರದ ಶಂಕೆ ಏನೇ ಇರಲಿ, ಒಂದೇ ಸಮುದಾಯದ ಹೆಸರು ಹಿಡಿದು ಆಜ್ಞೆ ಹೊರಡಿಸಿದ್ದು ಅನ್ಯಾಯವೇ. 1964ರಲ್ಲಿ ಜೆರುಸಲೇಮಿನಲ್ಲಿ ಧರಣಿ ನಡೆಯಿತು, ಸಂಸತ್ತೂ ಸಮುದಾಯದ ಪರ ನಿಂತಿತು. ಕೊನೆಗೆ ರಬ್ಬಿಗಳು ಬೆನೆ ಇಸ್ರೇಲ್ ಹೆಸರು ತೆಗೆದು, ಶಂಕೆ ಬಂದ ಯಾರಿಗಾದರೂ ಅನ್ವಯಿಸುವಂತೆ ಮಾತು ತಿದ್ದಿದರು.