ಒಳ್ಳೆಯ ದಿನಕ್ಕೆ ಎತ್ತಿಟ್ಟ ಬಾಟಲಿ

ಈ ಸಲ ಬಂದ ಪತ್ರಗಳಲ್ಲಿ ಒಂದಕ್ಕೆ ಉದ್ದದ ಉತ್ತರ ಬರೆಯದೆ ಇರಲಾಗಲಿಲ್ಲ. ಬರೆದವರು ನಿವೃತ್ತ ಮೇಷ್ಟ್ರು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಪತ್ರದ ಮುಖ್ಯ ಭಾಗ ಇಷ್ಟು:

"ನಿವೃತ್ತಿಯ ದಿನ ಗೆಳೆಯನೊಬ್ಬ ಒಂದು ಬಾಟಲಿ ಕೆಂಪು ವೈನ್ ಕೊಟ್ಟ. ಒಳ್ಳೆಯ ದಿನ ನೋಡಿ ತೆಗೆಯೋಣ ಅಂತ ಗಾಜಿನ ಕಪಾಟಿನಲ್ಲಿ ನಿಲ್ಲಿಸಿದೆ. ಎಂಟು ವರ್ಷವಾಯಿತು. ಮಗಳ ಮದುವೆ ಆಯಿತು, ಮೊಮ್ಮಗ ಹುಟ್ಟಿದ, ಮನೆ ಸಾಲ ತೀರಿತು. ಪ್ರತಿ ಸಲವೂ ಇದಕ್ಕಿಂತ ದೊಡ್ಡ ದಿನ ಮುಂದೆ ಬರಬಹುದು ಅನ್ನಿಸಿತು. ಗೆಳೆಯ ಫೋನ್ ಮಾಡಿದಾಗಲೆಲ್ಲ 'ಹೇಗಿತ್ತೋ?' ಅಂತಾನೆ, ನಾನು ಮಾತು ಮರೆಸುತ್ತೇನೆ. ಹೆಂಡತಿ ಕುಡಿಯುವವಳಲ್ಲ. ಆದರೂ 'ತೆಗೆದು ಮುಗಿಸಿ, ಧೂಳು ಒರೆಸಿ ಸಾಕಾಯ್ತು' ಅನ್ನುತ್ತಾಳೆ. ನಿಮ್ಮ ಹಿಂದಿನ ಸಂಚಿಕೆಯಲ್ಲಿ ವೈನ್, ಋತು, ಕೃತಜ್ಞತೆ ಅಂತೆಲ್ಲ ಬಂದ ಲೇಖನ ಓದಿದೆ. ಸ್ವಲ್ಪ ಸಿಟ್ಟೂ ಬಂತು. ಇದೆಲ್ಲ ಹೊಟ್ಟೆ ತುಂಬಿದವರ ಮಾತಲ್ಲವೇ? ದಿನವಿಡೀ ದುಡಿದು ಬಂದವನಿಗೆ ಯಾವ ಋತು, ಯಾವ ಸವಿ?"

ಮೇಷ್ಟ್ರೇ, ಈ ವಿಷಯ ಮಾತಾಡಲು ನನಗೊಂದು ನೆಪ ಬೇಕಿತ್ತು. ನೀವೇ ಕೊಟ್ಟಿದ್ದೀರಿ.

ಎತ್ತಿಡುವವರ ಪರವಾಗಿ ಹೇಳಬೇಕಾದದ್ದನ್ನು ಮೊದಲು ಹೇಳಿ ಮುಗಿಸುತ್ತೇನೆ. ಕೆಲವು ವೈನ್ ಇಟ್ಟಷ್ಟೂ ಚೆನ್ನಾಗುತ್ತದೆ, ನಿಜ. ಫ್ರಾನ್ಸಿನ ಬೋರ್ಡೋದ ಒಳ್ಳೆಯ ಕೆಂಪು ವೈನ್, ಪೋರ್ಚುಗಲ್ಲಿನ ವಿಂಟೇಜ್ ಪೋರ್ಟ್ ಎಂಬ ವೈನ್ ದಶಕಗಟ್ಟಲೆ ಬಾಳುತ್ತವೆ. ಮಡೈರಾ ಎಂಬ ವೈನ್ ನೂರು ವರ್ಷ ದಾಟಿದ್ದೂ ಉಂಟು. ಕಾಯುವುದಕ್ಕೆ ತಾಳ್ಮೆ ಬೇಕು, ತಾಳ್ಮೆ ಒಳ್ಳೆಯ ಗುಣವೇ. ಆಯ್ತಲ್ಲ? ಇನ್ನು ನನ್ನ ಸರದಿ.

ಜಗತ್ತಿನ ವೈನ್‌ನಲ್ಲಿ ಬಹುಪಾಲು ತಯಾರಾಗುವುದೇ ಕೆಲವೇ ವರ್ಷಗಳಲ್ಲಿ ಕುಡಿದು ಮುಗಿಸಲಿ ಅಂತ. ಇಡಲೇಬೇಕು ಅಂದರೆ ಕತ್ತಲಲ್ಲಿ, ತಂಪಲ್ಲಿ, 12-13 ಡಿಗ್ರಿಯ ಆಸುಪಾಸಿನಲ್ಲಿ, ಅಡ್ಡಲಾಗಿ ಮಲಗಿಸಿ ಇಡಬೇಕು. ಮಲಗಿಸಿದರೆ ಬಿರಡೆ ಒದ್ದೆಯಾಗಿರುತ್ತದೆ. ನಿಲ್ಲಿಸಿದರೆ ಒಣಗುತ್ತದೆ, ಸಂದಿಯಲ್ಲಿ ಗಾಳಿ ನುಸುಳುತ್ತದೆ. ಗಾಳಿ ಜಾಸ್ತಿ ಆಡಿದರೆ ಹಣ್ಣಿನ ಪರಿಮಳ ಹೋಗಿ ಹಳಸಿದ ವಾಸನೆ ಉಳಿಯುತ್ತದೆ. ನೀವು ಎಂಟು ವರ್ಷ ನಿಲ್ಲಿಸಿ ಇಟ್ಟಿದ್ದೀರಿ, ಅದೂ ಬೆಳಕು ಬೀಳುವ ಗಾಜಿನ ಕಪಾಟಿನಲ್ಲಿ! ನೀವು ಒಳ್ಳೆಯ ದಿನ ಹುಡುಕುತ್ತಿದ್ದಾಗ ಅದು ಒಳಗೆ ತನ್ನ ದಿನ ಎಣಿಸುತ್ತಿತ್ತು. ಬಚ್ಚಿಟ್ಟದ್ದು ಪರರಿಗೆ ಅಂತಾರೆ. ಇಲ್ಲಿ ಪರರಿಗೂ ಸಿಗುವ ಹಾಗಿಲ್ಲ.

ಈ ಕಾಯಿಲೆ ನಿಮಗೊಬ್ಬರಿಗೇ ಬಂದದ್ದಲ್ಲ ಬಿಡಿ. ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಗೆ ಡೊರೊಥಿ ಗೈಟರ್, ಜಾನ್ ಬ್ರೆಕರ್ ಎಂಬ ದಂಪತಿ ವೈನ್ ಅಂಕಣ ಬರೆಯುತ್ತಿದ್ದರು. ಮನೆಯಲ್ಲೊಂದು ಬಾಟಲಿ ಇದೆ, ತೆಗೆಯಲು ಮನಸ್ಸೇ ಬರುತ್ತಿಲ್ಲ ಅನ್ನುವ ಓದುಗರು ಅವರಿಗೂ ಇದ್ದರು. ಕೊನೆಗೆ ಆ ದಂಪತಿ ಒಂದು ರಾತ್ರಿಯನ್ನೇ ಗೊತ್ತು ಮಾಡಿಬಿಟ್ಟರು: ಫೆಬ್ರವರಿಯ ಕೊನೆಯ ಶನಿವಾರ. ಅವತ್ತು ಆ ಬಾಟಲಿ ತೆಗೆಯಬೇಕು, ನೆಪ ಹೇಳುವ ಹಾಗಿಲ್ಲ. ಇಪ್ಪತ್ತೈದು ವರ್ಷವಾದರೂ ಜನ ಅದನ್ನು ನಡೆಸಿಕೊಂಡು ಬರುತ್ತಿದ್ದಾರೆ.

ರೋಮನ್ನರಿಗೆ ಅಂಕಣಕಾರರ ಅಗತ್ಯ ಇರಲಿಲ್ಲ. ಅವರು ಅದನ್ನು ಪಂಚಾಂಗದಲ್ಲೇ ಬರೆದಿಟ್ಟಿದ್ದರು. ಹಿಂದಿನ ಶರತ್ಕಾಲದ ವೈನ್ ಅನ್ನು ಏಪ್ರಿಲ್ 23ಕ್ಕೆ ತೆಗೆದು, ಮೊದಲ ಪಾಲನ್ನು ಜ್ಯೂಪಿಟರ್ ದೇವರಿಗೆ ಎರೆದು, ಆಮೇಲೆ ತಾವು ಕುಡಿಯುತ್ತಿದ್ದರು. ಅಥೆನ್ಸಿನಲ್ಲೂ ಹಾಗೇ. ಚಳಿಗಾಲ ಮುಗಿಯುತ್ತಾ ಬಂದಾಗ ಹೂವಿನ ಹಬ್ಬ, ಮೊದಲ ದಿನ ಹೊಸ ವೈನಿನ ಗುಡಾಣಗಳನ್ನು ತೆರೆಯುವುದು, ವೈನಿನ ದೇವರಾದ ಡಯೋನಿಸಸ್‌ಗೆ ಅವನ ಪಾಲು ಕೊಡುವುದು. ನಿಮ್ಮ ಮನೆಯಲ್ಲಿ ಏನು ವಿಶೇಷ ಅಂತ ಯಾರೂ ಕೇಳುತ್ತಿರಲಿಲ್ಲ. ಚಳಿ ಹೋಯಿತು, ನಾವಿನ್ನೂ ಇದ್ದೇವೆ. ಅಷ್ಟು ಸಾಕಿತ್ತು.

ಯಾವ ಋತು ಅಂತ ಕೇಳಿದಿರಿ. ನಿಮ್ಮ ಬಾಟಲಿಯ ಚೀಟಿಯ ಮೇಲೆ ಒಂದು ಇಸವಿ ಇದ್ದರೆ ನೋಡಿ. ಅದು ಹಣ್ಣು ಕೊಯ್ದ ವರ್ಷ. ಆ ವರ್ಷದ ಬಿಸಿಲು, ಮಳೆ, ಗಾಳಿ ಎಲ್ಲ ಅದರೊಳಗಿದೆ.

ಚಳಿಗಾಲದಲ್ಲಿ ದ್ರಾಕ್ಷಿ ಬಳ್ಳಿ ನೋಡಿದರೆ ಒಣ ಕಟ್ಟಿಗೆ ಅನ್ನಬೇಕು. ಅದನ್ನು ಸವರುವುದು ಆಗಲೇ. ಮಣ್ಣು ಬೆಚ್ಚಗಾಗುತ್ತಿದ್ದಂತೆ, ಚಿಗುರು ಕಾಣುವ ಮೊದಲೇ, ಸವರಿದ ತುದಿಗಳಿಂದ ನೀರು ತೊಟ್ಟಿಕ್ಕುತ್ತದೆ. ಬೇರು ಎದ್ದಿದೆ ಅನ್ನುವುದಕ್ಕೆ ಅದೇ ಮೊದಲ ಗುರುತು. ಆಮೇಲೆ ಚಿಗುರು, ಆಮೇಲೆ ಹೂವು. ಹತ್ತಿರ ಹೋಗಿ ಬಗ್ಗಿ ನೋಡದಿದ್ದರೆ ಅದು ಹೂವು ಅಂತಲೇ ಗೊತ್ತಾಗುವುದಿಲ್ಲ, ಅಷ್ಟು ಸಣ್ಣದು. ದಳಗಳು ಅರಳುವುದೂ ಇಲ್ಲ, ಟೊಪ್ಪಿಗೆಯ ಹಾಗೆ ಒಟ್ಟಿಗೆ ಕಳಚಿ ಬೀಳುತ್ತವೆ. ಹೂವಿನಿಂದ ಕೊಯ್ಲಿಗೆ ಸುಮಾರು ನೂರು ದಿನ. ನಡುವೆ ಕಾಯಿ ಬಣ್ಣ ತಿರುಗುವ ಕಾಲ ಬರುತ್ತದೆ. ಆಗ ಒಂದೇ ಗೊಂಚಲಿನಲ್ಲಿ ಹಸಿರು, ನಸುಗೆಂಪು, ಕಪ್ಪು ಮೂರೂ ಪಕ್ಕಪಕ್ಕ ಇರುತ್ತವೆ. ನಾನೊಮ್ಮೆ ಅಂಥ ಗೊಂಚಲಿನ ಮುಂದೆ ನಿಂತು ಒಂದೊಂದೇ ಕಿತ್ತು ಬಾಯಿಗೆ ಹಾಕಿಕೊಂಡೆ. ಹಸಿರಿನದು ಹಲ್ಲು ಚುಳುಕ್ ಅನ್ನುವಷ್ಟು ಹುಳಿ. ಕಪ್ಪಿನದಕ್ಕೆ ಆಗಲೇ ಸಿಹಿ ಹತ್ತಿತ್ತು, ಸಿಪ್ಪೆ ಮಾತ್ರ ಒಗರು. ತೋಟದವರು ನಕ್ಕು, "ಇನ್ನೂ ಆರು ವಾರ ಇದೆ ಸಾರ್" ಅಂದರು.

ಬಳ್ಳಿಗೆ ಋತು ಗೊತ್ತಾಗುವಷ್ಟು ನಮಗೆ ಗೊತ್ತಾಗುವುದಿಲ್ಲ. ಫ್ರಾನ್ಸಿನ ಬರ್ಗಂಡಿಯಲ್ಲಿ ಬೋನ್ ಅಂತ ಒಂದು ಊರಿದೆ. ಅಲ್ಲಿ ಪ್ರತಿ ವರ್ಷ ಕೊಯ್ಲು ಯಾವತ್ತು ಶುರುವಾಯಿತು ಅನ್ನುವ ಲೆಕ್ಕ 1354ರಿಂದ ಸಿಗುತ್ತದೆ. 2019ರಲ್ಲಿ ಸಂಶೋಧಕರು ಅದನ್ನೆಲ್ಲ ಜೋಡಿಸಿ ನೋಡಿದರು. 1988ರಿಂದ ಈಚೆಗೆ ಕೊಯ್ಲು ಮೊದಲಿಗಿಂತ ಸರಾಸರಿ 13 ದಿನ ಮುಂಚೆ ಬರುತ್ತಿದೆ. ಬಿಸಿ ಏರಿದ್ದನ್ನು ಬಳ್ಳಿ ಹೇಳುತ್ತಲೇ ಇತ್ತು. ಕಿಟಕಿ ಮುಚ್ಚಿ ಏಸಿ ಹಾಕಿಕೊಂಡು ಕೂತ ನಮಗೆ ಕೇಳಿಸಲಿಲ್ಲ. ಬೇಗ ಬಿಸಿಯಾದರೆ ಬೇಗ ಚಿಗುರು, ಆ ಎಳೆ ಚಿಗುರಿಗೆ ಮತ್ತೆ ಹಿಮದ ಭಯ. 2021ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಬೆಳೆಗಾರರು ಸಾಲುಗಳ ನಡುವೆ ದೀಪ ಹಚ್ಚಿಟ್ಟು ರಾತ್ರಿಯೆಲ್ಲ ಕಾದರು. ಅಷ್ಟು ಮಾಡಿದರೂ ಎಷ್ಟೋ ತೋಟಗಳ ಚಿಗುರು ಸುಟ್ಟುಹೋಯಿತು.

ಇನ್ನು ನಿಮ್ಮ ಸಿಟ್ಟು. ಸವಿಯುವುದು ಹೊಟ್ಟೆ ತುಂಬಿದವರ ಮಾತು ಅಂದಿರಿ. ಪಾಠ ಹೇಳಿದವರು ನೀವೇ ಹೀಗಂದರೆ ಹೇಗೆ ಮೇಷ್ಟ್ರೇ? ಸುಖದ ಗುರು ಅಂತ ಹೆಸರು ಪಡೆದ ಗ್ರೀಸಿನ ಎಪಿಕ್ಯೂರಸ್ ಹೇಗೆ ಬದುಕಿದ ಗೊತ್ತಾ? ಗೆಳೆಯನಿಗೆ ಪತ್ರ ಬರೆದು, ಒಂದು ಸಣ್ಣ ಕುಡಿಕೆ ಚೀಸ್ ಕಳಿಸು, ಮನಸ್ಸು ಬಂದಾಗ ಹಬ್ಬ ಮಾಡಿಕೊಳ್ಳುತ್ತೇನೆ ಅಂತ ಕೇಳಿದ್ದನಂತೆ. ಅವನ ಶಿಷ್ಯರಿಗೆ ತೆಳು ವೈನ್ ಒಂದು ಲೋಟ ಇದ್ದರೆ ಹೆಚ್ಚು. ಉಳಿದಂತೆ ನೀರೇ ಗತಿ.

ಹೊಟ್ಟೆ ತುಂಬಿದವರಿಗೇ ಸವಿ ಕಮ್ಮಿ ಅನ್ನುವುದಕ್ಕೆ ಪ್ರಯೋಗವೂ ಇದೆ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೆಲವರಿಗೆ ಮೊದಲು ದುಡ್ಡಿನ ಚಿತ್ರ ತೋರಿಸಿ ಆಮೇಲೆ ಚಾಕೊಲೇಟ್ ಕೊಟ್ಟರು. ಚಿತ್ರ ಕಂಡವರು ಬೇಗ ತಿಂದು ಮುಗಿಸಿದರು, ಮುಖದಲ್ಲಿ ಖುಷಿಯೂ ಕಮ್ಮಿ ಇತ್ತು. ಬರೀ ಚಿತ್ರ ಕಂಡದ್ದಕ್ಕೇ ಹೀಗೆ! 2013ರ ಇನ್ನೊಂದು ಅಧ್ಯಯನದಲ್ಲಿ ಒಂದು ವಾರ ಚಾಕೊಲೇಟ್ ಬಿಟ್ಟವರಿಗೆ ವಾರದ ಕೊನೆಗೆ ಅದು ಹೆಚ್ಚು ರುಚಿಸಿತು. ಬೇಕಾದಷ್ಟು ತಿನ್ನಿ ಅಂತ ಕೈತುಂಬ ಕೊಟ್ಟವರಿಗೆ ಅಷ್ಟು ರುಚಿಸಲಿಲ್ಲ. ಹಾಗಾದರೆ ಬಾಟಲಿ ಎತ್ತಿಟ್ಟದ್ದು ಸರಿಯಾಯ್ತಲ್ಲ ಅಂತ ವಾದಕ್ಕೆ ಬರಬೇಡಿ. ಅವರು ಬಿಟ್ಟದ್ದು ಒಂದು ವಾರ.

ನಿಮ್ಮ ಸಿಟ್ಟಿನಲ್ಲಿ ಒಂದು ಮಾತು ಮಾತ್ರ ನನಗೆ ನಾಟಿತು, ದುಡಿದು ಬಂದವನ ಮಾತು. ಒಂದು ಬಾಟಲಿಗೆ ಒಂದು ಕಿಲೋಗೂ ಮೇಲೆ ದ್ರಾಕ್ಷಿ ಬೇಕು. ಫ್ರಾನ್ಸಿನ ಶಾಂಪೇನ್ ಪ್ರದೇಶದಲ್ಲಿ ಗೊಂಚಲನ್ನು ಕೈಯಲ್ಲೇ ಕೊಯ್ಯಬೇಕು ಅನ್ನುವ ನಿಯಮವಿದೆ. 2023ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಬಿಸಿಲು ಸುಡುತ್ತಿತ್ತು, ಕೊಯ್ಲಿಗೆ ಬಂದ ಕೂಲಿಗಳಲ್ಲಿ ಕೆಲವರು ಸತ್ತರು. ಜಗತ್ತೆಲ್ಲ ಸಂಭ್ರಮಕ್ಕೆ ಚಿಮ್ಮಿಸುವ ವೈನ್ ಅದು. ಕೃತಜ್ಞತೆ ಅಂದರೆ ಕಣ್ಣು ಮುಚ್ಚಿ ಆಕಾಶಕ್ಕೆ ಕೈ ಮುಗಿಯುವುದು ಅಷ್ಟೇ ಆಗಿದ್ದರೆ ನಾನೂ ನಿಮ್ಮ ಪಕ್ಷವೇ. ಯಾರ ಬೆನ್ನು ಬಗ್ಗಿದ್ದರಿಂದ ಇದು ನನ್ನ ಲೋಟಕ್ಕೆ ಬಂತು, ಅವರಿಗೆ ಸಿಕ್ಕಿದ್ದೆಷ್ಟು ಅಂತ ಕೇಳಲು ಶುರು ಮಾಡಿದರೆ ಹೊಟ್ಟೆ ತುಂಬಿದವರು ಮೊದಲು ಎದ್ದು ಹೋಗುತ್ತಾರೆ.

ಈಗ ಕೃತಜ್ಞತೆಯೂ ಮಾರಾಟದ ಸರಕು ಆಗಿದೆ ಅನ್ನುವುದು ಬೇರೆ ಸಂಕಟ. ರಾಬರ್ಟ್ ಎಮನ್ಸ್, ಮೈಕಲ್ ಮೆಕಲ್ಲೊ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಾರಕ್ಕೊಮ್ಮೆ, ತಮಗೆ ಒಳ್ಳೆಯದು ಅನ್ನಿಸಿದ ಐದು ಸಂಗತಿಗಳವರೆಗೆ ಬರೆದಿಟ್ಟ ವಿದ್ಯಾರ್ಥಿಗಳಿಗೆ, ಕಿರಿಕಿರಿಗಳನ್ನು ಬರೆದಿಟ್ಟವರಿಗಿಂತ ಬದುಕು ಹಗುರ ಅನ್ನಿಸಿತ್ತು. ಸೋನ್ಯಾ ಲುಬೊಮಿರ್ಸ್ಕಿ ಮತ್ತು ಸಂಗಡಿಗರು ಇದನ್ನೇ ಎರಡು ರೀತಿ ಮಾಡಿಸಿ ನೋಡಿದರು. ವಾರಕ್ಕೊಮ್ಮೆ ಬರೆದವರಿಗೆ ಉಪಯೋಗವಾಯಿತು, ವಾರಕ್ಕೆ ಮೂರು ಸಲ ಬರೆದವರಿಗೆ ಆಗಲಿಲ್ಲ. ಹೋಮ್‌ವರ್ಕ್ ಆದ ತಕ್ಷಣ ರಸ ಹೋಯಿತು! ಇದು ನಿಮಗೆ ಗೊತ್ತಿಲ್ಲದ್ದೇನಲ್ಲ. ಆದರೂ ರಾತ್ರಿ ಒಂಬತ್ತಕ್ಕೆ ಫೋನ್ ಟಿಂಗ್ ಅನ್ನುತ್ತದೆ: ಇವತ್ತು ಧನ್ಯವಾದ ಬರೆದಿರಾ?

ಆ ಫೋನಿನ ಬಗ್ಗೆ ಶುರು ಮಾಡಿದರೆ ನನಗೆ ನಿಲ್ಲಿಸುವುದು ಕಷ್ಟ. ಒಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಬಾಟಲಿ ತೆಗೆದರು. ಯಾರೂ ಲೋಟಕ್ಕೆ ಮೂಗು ಹಾಕಲಿಲ್ಲ, ಎಷ್ಟು ಅಂಕ ಸಿಕ್ಕಿದೆ ಅಂತ ನೋಡಲು ಎಲ್ಲರೂ ಚೀಟಿಗೆ ಫೋನ್ ಹಿಡಿದರು. "4.1 ಇದೆ" ಅಂದರು ಒಬ್ಬರು. "ಅಷ್ಟೇನಾ?" ಅಂದರು ಇನ್ನೊಬ್ಬರು, ಇನ್ನೂ ಒಂದು ಗುಟುಕೂ ಕುಡಿಯದೆ. ಮನೆಯ ಅಜ್ಜಿ ಮೂಲೆಯಲ್ಲಿ ಕೂತು ಲೋಟ ಮೂಸಿ, "ಮಳೆ ಬಿದ್ದ ಮಣ್ಣಿನ ವಾಸನೆ ಬರ್ತಿದೆ ಅಲ್ವಾ?" ಅಂದರು. ಯಾರ ಕಿವಿಗೂ ಬೀಳಲಿಲ್ಲ. ನನ್ನ ಮಟ್ಟಿಗೆ ಆ ರಾತ್ರಿ ವೈನ್ ಕುಡಿದದ್ದು ಅವರೊಬ್ಬರೇ.

ವೈನ್‌ಗೆ ನೂರಕ್ಕೆ ಇಷ್ಟು ಅಂತ ಅಂಕ ಹಾಕುವುದನ್ನು ಚಾಲ್ತಿಗೆ ತಂದವರು ಅಮೆರಿಕದ ವಿಮರ್ಶಕ ರಾಬರ್ಟ್ ಪಾರ್ಕರ್. ನೀವು ಜೀವನವಿಡೀ ಅಂಕ ಹಾಕಿದವರು, ಅದರ ಮಿತಿ ನನಗಿಂತ ನಿಮಗೆ ಗೊತ್ತು. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬೋರ್ಡೋದ ಫ್ರೆಡೆರಿಕ್ ಬ್ರೋಶೆ ಎಂಬಾತ ಬಿಳಿ ವೈನ್‌ಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ, ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಕೊಟ್ಟ. ಅವರು ಅದನ್ನು ಕೆಂಪು ವೈನಿನ ಮಾತುಗಳಲ್ಲೇ ವರ್ಣಿಸಿದರು. ಕಲಿತವರ ಮೂಗನ್ನೇ ಕಣ್ಣು ಎಳೆದುಕೊಂಡು ಹೋಗುತ್ತದೆ ಅಂದಮೇಲೆ ಒಂದು ಅಂಕಿ ಏನೆಲ್ಲ ಮಾಡಲಿಕ್ಕಿಲ್ಲ? ಈಗ ಊಟಕ್ಕೆ ನಕ್ಷತ್ರ, ಬೆಟ್ಟಕ್ಕೆ ನಕ್ಷತ್ರ, ಸೂರ್ಯ ಮುಳುಗುವುದನ್ನು ನೋಡುವ ಜಾಗಕ್ಕೂ ನಕ್ಷತ್ರ. ಯಾವ ಹಣ್ಣೂ ಯಾವ ಕಾಲದ್ದೂ ಅಲ್ಲ, ಎಲ್ಲ ಕಾಲಕ್ಕೂ ಎಲ್ಲ ಸಿಗುತ್ತದೆ. ಹೀಗಾಗಿ ಯಾವುದಕ್ಕೂ ಕಾಯುವುದಿಲ್ಲ, ಸಿಕ್ಕಿದ್ದನ್ನು ನೋಡುವುದೂ ಇಲ್ಲ. ವರ್ಷವೆಲ್ಲ ಗಬಗಬ ತಿಂದು, ಒಂದೇ ಒಂದು ಬಾಟಲಿಯನ್ನು ಮಾತ್ರ ದೇವರ ಹಾಗೆ ಕಪಾಟಿನಲ್ಲಿ ಕೂರಿಸುತ್ತೇವೆ!

ಕುಡಿಯದವರು ಇದನ್ನು ಓದಿ ಶುರು ಮಾಡಬೇಕಾಗಿಲ್ಲ. ಇಷ್ಟು ಕುಡಿದರೆ ತೊಂದರೆಯಿಲ್ಲ ಅನ್ನುವ ಯಾವ ಅಳತೆಯೂ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಡಾಕ್ಟರು ಬೇಡ ಅಂದಿದ್ದರೆ ಬೇಡ. ನಿಮ್ಮ ಮನೆಯವರಿಗೆ ದ್ರಾಕ್ಷಿ ರಸ ಕೊಡಿ. ಯಹೂದಿಗಳಲ್ಲಿ ಬೇರೆಲ್ಲ ಪಾನೀಯಕ್ಕೂ ಒಂದೇ ಪ್ರಾರ್ಥನೆ, ವೈನ್‌ಗೆ ಮಾತ್ರ ಅದರದೇ ಆದ ಪ್ರಾರ್ಥನೆ ಇದೆ, ಬಳ್ಳಿಯ ಹಣ್ಣನ್ನು ಸೃಷ್ಟಿಸಿದವನಿಗೆ ಸ್ತುತಿ ಅಂತ. ಅದನ್ನು ದ್ರಾಕ್ಷಿ ರಸದ ಮೇಲೂ ಹೇಳಬಹುದು. ಧನ್ಯವಾದಕ್ಕೆ ಅಮಲು ಬೇಕಾಗಿಲ್ಲ.

ನೀವು ಮಾತ್ರ ಈ ವಾರವೇ ಬಾಟಲಿ ತೆಗೆಯಿರಿ. ಹಳೆಯ ಬಿರಡೆ ಪುಡಿಯಾಗಬಹುದು, ನಿಧಾನವಾಗಿ ತಿರುಗಿಸಿ. ಚೂರು ಬಿದ್ದರೆ ಬಟ್ಟೆಯಲ್ಲಿ ಸೋಸಿ. ಮೊದಲು ಸುಮ್ನೆ ಮೂಸಿ. ಹುಳಿ ವಾಸನೆ ಮೂಗಿಗೆ ಹೊಡೆದರೆ ಅದು ಹೋಯಿತು, ಬೇಜಾರು ಮಾಡಿಕೊಳ್ಳಬೇಡಿ. ಗೆಳೆಯನಿಗೆ ನಿಜ ಹೇಳಿ, ಇಬ್ಬರೂ ಸೇರಿ ನಗಿ. ಚೆನ್ನಾಗಿದ್ದರೆ ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಮಾತಾಡಬೇಡಿ. ಉಳಿದದ್ದಕ್ಕೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ದಿನ ತಡೆಯಬಹುದು. ತೀರ ಹಳೆಯದಾಗಿದ್ದರೆ ಅದೂ ಅನುಮಾನ.

ಪತ್ರದ ಕೊನೆಗೆ ಇನ್ನೊಂದು ಕೇಳಿದ್ದೀರಿ, ಇದಕ್ಕೆ ಉದ್ದ ಕಾಲಿನ ಬೇರೆ ಲೋಟಗಳನ್ನೇ ತರಬೇಕಾ ಅಂತ. ತರಬೇಡಿ ಮೇಷ್ಟ್ರೇ. ಆ ಲೋಟ ಬರಲಿ ಅಂತ ಇನ್ನೆರಡು ವರ್ಷ ಕಾಯುತ್ತೀರಿ. ಮನೆಯಲ್ಲಿ ನೀರು ಕುಡಿಯುವ ಗಾಜಿನ ಲೋಟ ಇರುತ್ತದಲ್ಲ, ಅದನ್ನೇ ಚೆನ್ನಾಗಿ ತೊಳೆದುಕೊಳ್ಳಿ, ಸೋಪಿನ ವಾಸನೆ ಉಳಿಯಬಾರದು.