ತಂದೆಯವರ ಪದ್ಮಿನಿ: ಎಂಜಿನ್ ಕಟ್ಟಿಸುವುದೋ, ಮಾರುವುದೋ?

ಪ್ರಶ್ನೆ: ನಮ್ಮ ತಂದೆಯವರು ಕೊಂಡಿದ್ದ 1979ರ ಪ್ರೀಮಿಯರ್ ಪದ್ಮಿನಿ ಕಾರು ಈಗ ನೀಲಿ ಹೊಗೆ ಉಗುಳುತ್ತದೆ, ಏರು ಹತ್ತಲು ತಿಣುಕುತ್ತದೆ. ಎಂಜಿನ್ ಮುಗಿಯಿತೆಂದು ಮೆಕ್ಯಾನಿಕ್ ಹೇಳುತ್ತಾರೆ. ಒಬ್ಬರು ಗುಜರಿ ಬೆಲೆಗೆ ಕೇಳುತ್ತಿದ್ದಾರೆ. ಏನು ಮಾಡಲಿ?
– ಓದುಗರೊಬ್ಬರು, ಮೈಸೂರು

ಉತ್ತರ: ನೀಲಿ ಹೊಗೆಯೆಂದರೆ ಆಯಿಲ್ ಉರಿಯುತ್ತಿದೆ ಎಂದಷ್ಟೇ ಅರ್ಥ. ಮೊದಲು ನಾಲ್ಕೂ ಸಿಲಿಂಡರ್‌ಗಳ ಕಂಪ್ರೆಶನ್, ಅಂದರೆ ಪಿಸ್ಟನ್ ಒಳಗೆ ಉಂಟುಮಾಡುವ ಒತ್ತಡ, ಅಳತೆ ಮಾಡಿಸಿ. ಒತ್ತಡ ಕಡಿಮೆಯಿರುವ ಸಿಲಿಂಡರಿಗೆ ಸ್ಪಾರ್ಕ್ ಪ್ಲಗ್ಗಿನ ರಂಧ್ರದಿಂದ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆದಾಗ ಮಾಪಕದ ಮುಳ್ಳು ಮೇಲೇರಿದರೆ ಪಿಸ್ಟನ್ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆಯೆಂದೂ, ಏರದಿದ್ದರೆ ಹೆಚ್ಚಾಗಿ ವಾಲ್ವ್ ಕಡೆಯ ದೋಷವೆಂದೂ ತಿಳಿಯಬಹುದು. ಈ 1089 ಸಿಸಿ ಎಂಜಿನ್ ಬಹಳ ಸರಳವಾದದ್ದು. ಬ್ಲಾಕ್ ಬಿರುಕು ಬಿಟ್ಟಿರದಿದ್ದರೆ ಸಿಲಿಂಡರನ್ನು ಕೊರೆಸಿ ಅಗಲ ಮಾಡಿಸಿ, ಅದಕ್ಕೆ ಹೊಂದುವ ಓವರ್‌ಸೈಜ್ ಪಿಸ್ಟನ್ ಹಾಕಿಸಿ ಓಡಿಸಬಹುದು.

ನನ್ನ ದೃಷ್ಟಿಯಲ್ಲಿ ತೀರ್ಮಾನ ನಿಂತಿರುವುದು ಎಂಜಿನ್ನಿನ ಮೇಲಲ್ಲ, ತಗಡಿನ ಮೇಲೆ. ಪದ್ಮಿನಿಗೆ ಪ್ರತ್ಯೇಕ ಚಾಸಿ (ಅಡಿಯ ಚೌಕಟ್ಟು) ಇಲ್ಲದೆ ಬಾಡಿಯೇ ಭಾರ ಹೊರುವುದರಿಂದ, ಮ್ಯಾಟ್ ಎತ್ತಿ ನೆಲದ ತಗಡನ್ನೂ ಬಾಗಿಲ ಕೆಳಗಿನ ಪಟ್ಟಿಯನ್ನೂ ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಹಪ್ಪಳದಂತೆ ಮುರಿದರೆ ಮಾರುವುದೇ ಲೇಸು, ಆದರೆ ಗುಜರಿಗಲ್ಲ. ಬಿಡಿಭಾಗಕ್ಕಾಗಿ ಅಲೆಯುತ್ತಿರುವ ಇನ್ನೊಬ್ಬ ಪದ್ಮಿನಿ ಮಾಲೀಕರಿಗೆ. ತಗಡು ಗಟ್ಟಿಯಿದ್ದರೆ ಎಂಜಿನ್ ಕಟ್ಟಿಸಿ. ಡೀಸೆಲ್ ಎಂಜಿನ್ ಕೂರಿಸುವ ಸಲಹೆ ಬಂದರೆ ಒಪ್ಪಬೇಡಿ: ಅದನ್ನು ಆರ್‌ಸಿಯಲ್ಲಿ ದಾಖಲಿಸುವ ತೊಡಕು ಒಂದೆಡೆಯಾದರೆ, 50 ವರ್ಷ ದಾಟಿದ ವಾಹನಕ್ಕೆ ವಿಂಟೇಜ್ ನೋಂದಣಿ ಬೇಕಾದರೆ ಅದು ಮೂಲರೂಪದಲ್ಲೇ ಇರಬೇಕೆಂಬ 2021ರ ನಿಯಮ ಇನ್ನೊಂದೆಡೆ ಇದೆ.