ಅಂಗಡಿಯ ಮಾತು ಸಾಧನೆಯಾಗಬಲ್ಲುದೇ?

ಸಹೋದರರೇ, ದಾವಣಗೆರೆಯ ಮಂಡಿಪೇಟೆಯ ಬಟ್ಟೆ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳೊಡನೆ ಮಾತನಾಡಿ ದಣಿಯುವ ತಮಗೆ ಪ್ರಾರ್ಥನೆಗೆ ಹೆಚ್ಚು ಹೊತ್ತು ಸಿಗದಿರುವುದರಿಂದ, ಆ ಮಾತನ್ನೇ ಆಧ್ಯಾತ್ಮಿಕ ಸಾಧನೆಯಾಗಿಸಬಹುದೇ ಎಂದು ಕೇಳಿದ್ದೀರಿ. ಖಂಡಿತ ಆಗಿಸಬಹುದು. ದೇವರನ್ನು ಕೊಂಡಾಡುವ ಬಾಯಿಯೇ ದೇವರ ಹೋಲಿಕೆಯಲ್ಲಿ ಉಂಟಾದ ಮನುಷ್ಯರನ್ನು ಶಪಿಸುವುದು ಸಲ್ಲದೆಂದು ಯಾಕೋಬನು ಬೈಬಲ್ಲಿನಲ್ಲಿರುವ ತನ್ನ ಪತ್ರದ 3ನೇ ಅಧ್ಯಾಯದಲ್ಲಿ ಎಚ್ಚರಿಸುವಾಗ, ಭಾನುವಾರದ ಸ್ತುತಿಗೂ ಸೋಮವಾರದ ವ್ಯಾಪಾರಕ್ಕೂ ನಾಲಿಗೆ ಒಂದೇ ಎಂಬುದು ನಮಗೆ ಮನವರಿಕೆಯಾಗಬೇಕು.

ಆಣೆಯಿಂದ ಆರಂಭಿಸಿ ಎಂಬುದು ನನ್ನ ಸಲಹೆ. ‘ದೇವರಾಣೆಗೂ ಅಸಲಿಗೇ ಕೊಡ್ತಿದ್ದೀನಿ ಅಕ್ಕಾ’ ಎಂಬ ಮಾತು ನಮ್ಮ ಪೇಟೆಯಲ್ಲಿ ಸಲೀಸಾಗಿ ಬಾಯಿಗೆ ಬರುತ್ತದೆ. ಆದರೆ ಮತ್ತಾಯನ ಸುವಾರ್ತೆ 5:33-37ರಲ್ಲಿ ಯೇಸುಸ್ವಾಮಿ, ಆಣೆಯನ್ನೇ ಇಡಬೇಡಿ, ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎನ್ನಿ ಎಂದು ಬೋಧಿಸುತ್ತಾರೆ. ಚೌಕಾಸಿ ತಪ್ಪಲ್ಲ, ಲಾಭವಿದ್ದೂ ಇಲ್ಲವೆಂದು ಹೇಳಿ ಅದಕ್ಕೆ ದೇವರನ್ನು ಸಾಕ್ಷಿಗೆ ಕರೆಯುವುದು ತಪ್ಪು. ಇದಕ್ಕಿಂತ ಕಡಿಮೆಗೆ ಬರುವುದಿಲ್ಲ ಎಂದಷ್ಟೇ ಹೇಳಿದರೂ ವ್ಯಾಪಾರ ನಡೆಯುತ್ತದೆ.

ಕ್ರಮಬದ್ಧವಾಗಿ ಮಾಡಬೇಕೆಂದರೆ, 16ನೇ ಶತಮಾನದಲ್ಲಿ ಕಥೋಲಿಕ ಸಂತರಾದ ಲೊಯೋಲಾದ ಇಗ್ನೇಷಿಯಸ್ ಕಲಿಸಿದ ಆತ್ಮಶೋಧನೆ ಬಹಳ ಅನುಕೂಲಕರ. ಒಂದೇ ದೋಷವನ್ನು ಆರಿಸಿಕೊಂಡು, ಬೆಳಿಗ್ಗೆ ಏಳುತ್ತಲೇ ಸಂಕಲ್ಪಿಸಿ, ಮಧ್ಯಾಹ್ನದ ಮತ್ತು ರಾತ್ರಿಯ ಊಟದ ನಂತರ ಎಷ್ಟು ಬಾರಿ ಜಾರಿದೆನೆಂದು ಎಣಿಸಿ, ಗೆರೆಯ ಮೇಲೆ ಅಷ್ಟು ಚುಕ್ಕಿಗಳನ್ನು ಇಡಬೇಕು. ಹಳೆಯ ಬಿಲ್ ಪುಸ್ತಕದ ಹಿಂಬದಿಯೇ ಸಾಕು. ಜಾರಿದ ಕ್ಷಣದಲ್ಲೇ ಎದೆಯ ಮೇಲೆ ಕೈಯಿಟ್ಟುಕೊಳ್ಳಬೇಕೆಂದೂ, ಅದನ್ನು ಹಲವರ ನಡುವೆ ಯಾರಿಗೂ ತಿಳಿಯದಂತೆ ಮಾಡಬಹುದೆಂದೂ ಅವರು ಹೇಳಿದ್ದಾರೆ. ತಾವು ಕಥೋಲಿಕರಲ್ಲದಿದ್ದರೂ ಇದಕ್ಕೆ ಅಡ್ಡಿಯಿಲ್ಲ.